ಒಂದು ತಂಡ, ಇಬ್ಬರು ಡೈರೆಕ್ಟರು: ಕೊನೇ ಮಾತು ಯಾರದು?

ಓದುಗರೊಬ್ಬರ ಪ್ರಶ್ನೆ:

"ಮೇಡಂ, ನಾನು 9 ವರ್ಷದಿಂದ ಒಂದು ಫಿಸಿಕಲ್ ಥಿಯೇಟರ್ (ದೇಹದ ಚಲನೆಯಿಂದಲೇ ಹೆಚ್ಚು ಹೇಳೋ ನಾಟಕ) ಮತ್ತು ಡಾನ್ಸ್ ಕಂಪನಿಯಲ್ಲಿದೀನಿ, ವಯಸ್ಸು 36. ತಂಡದಲ್ಲಿ 11 ಜನ. ಇದನ್ನ ಕಟ್ಟಿ ಬೆಳೆಸಿದ ನಮ್ಮ ಸರ್ ಮುಂದಿನ ಸೀಸನ್‌ನಿಂದ ಹಿಂದೆ ಸರೀತಾರಂತೆ, ನನ್ನನ್ನೂ ಇನ್ನೊಬ್ಬ ಸಹೋದ್ಯೋಗಿಯನ್ನೂ ಕರೆದು ನೀವಿಬ್ಬರೇ ಸೇರಿ ಆರ್ಟಿಸ್ಟಿಕ್ ಡೈರೆಕ್ಟರ್ ಆಗಿ ಅಂದ್ರು. ಆ ಸಹೋದ್ಯೋಗಿ ನಾಟಕದ ಕಡೆಯಿಂದ ಬಂದವರು, ನಾನು ಡಾನ್ಸ್ ಕಡೆಯಿಂದ. ಇಬ್ಬರು ಸೇರಿ ತಂಡ ನಡೆಸಿದ್ರೆ ಒಡೆದೇ ಹೋಗತ್ತೆ ಅಂತ ಎಲ್ರೂ ಹೆದರಿಸ್ತಿದಾರೆ. ನಾನು ಸ್ವಂತವಾಗಿ ಪೂರ್ತಿ ಪ್ರೊಡಕ್ಷನ್ ಒಂದನ್ನೂ ಕೊರಿಯೋಗ್ರಾಫ್ ಮಾಡಿಲ್ಲ, ನಂಗೆ ಅರ್ಹತೆ ಇದ್ಯಾ? ಕುಣಿಯೋದು ನಿಲ್ಲಿಸ್ಬೇಕಾ? ನಿನ್ನೆವರೆಗೂ ಜೊತೆಗೆ ಬೆವರು ಸುರಿಸಿದ ಗೆಳೆಯರಿಗೆ ನಾಳೆಯಿಂದ ನಾನು ಹೇಗೆ ಆರ್ಡರ್ ಮಾಡ್ಲಿ? ಸರ್ 'ಸಲಹೆಗಾರನಾಗಿ ಇದ್ದೇ ಇರ್ತೀನಿ' ಅಂತಿದಾರೆ, ಅದು ಒಳ್ಳೇದಾ? ಹಳೇ ಕೃತಿಗಳು ಯಾರದು? ಇನ್ನೊಂದು ವಿಷಯ, ಎಡಗಾಲಿನ ಮಂಡಿ ಆರು ತಿಂಗಳಿಂದ ನೋಯ್ತಿದೆ, ತಂಡದಲ್ಲಿ ಯಾರಿಗೂ ಹೇಳಿಲ್ಲ."

ನಿಮ್ಮ ಪತ್ರ ಎರಡು ಸಲ ಓದಿದೆ. ಪ್ರಶ್ನೆ ಏಳೆಂಟಿದೆ, ಆದ್ರೆ ಮಂಡಿ ವಿಷಯ ಪಕ್ಕಕ್ಕಿಟ್ರೆ ಉಳಿದವೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ತವೆ: ನಿಮ್ಮಿಬ್ಬರಿಗೆ ಬೇರೆ ಬೇರೆ ಅನ್ಸಿದಾಗ, ಅಥವಾ ನಿಮ್ಮಿಬ್ಬರಿಗೆ ಒಂದು ಅನ್ಸಿ ಸರ್‌ಗೆ ಇನ್ನೊಂದು ಅನ್ಸಿದಾಗ, ಯಾರ ಮಾತು ನಡೆಯತ್ತೆ? ನಾನು 14 ವರ್ಷ ವೇದಿಕೆ ಮೇಲಿದ್ದೆ, ಆಮೇಲೆ 6 ವರ್ಷ ರಿಹರ್ಸಲ್ ಡೈರೆಕ್ಟರ್, ಆಮೇಲೆ 11 ವರ್ಷ ಆರ್ಟಿಸ್ಟಿಕ್ ಡೈರೆಕ್ಟರ್, ಅದರಲ್ಲಿ ಮೊದಲ 4 ವರ್ಷ ನಿಮ್ಮ ಥರಾನೇ ಜೋಡಿ. ಆ ನಾಲ್ಕು ವರ್ಷದಲ್ಲಿ ಕಲಿತಿದ್ದನ್ನೇ ಜಾಸ್ತಿ ಹೇಳ್ತೀನಿ, ಯಾಕಂದ್ರೆ ತಪ್ಪೆಲ್ಲ ಮಾಡಿದ್ದು ಆಗಲೇ.

ಮೊದಲು ಅರ್ಹತೆ ವಿಷಯ ಮುಗಿಸಿಬಿಡೋಣ. ಆರ್ಟಿಸ್ಟಿಕ್ ಡೈರೆಕ್ಟರ್ ಅಂದ್ರೆ ತಂಡದ ಅತ್ಯುತ್ತಮ ಡಾನ್ಸರ್ ಅಥವಾ ಅತ್ಯುತ್ತಮ ಕೊರಿಯೋಗ್ರಾಫರ್ ಅನ್ನೋ ನಂಬಿಕೆ ಎಲ್ಲಾ ಕಡೆ ಇದೆ, ತಂಡ ಕಟ್ಟಿದವರು ಹಾಗೇ ಇರ್ತಾರಲ್ಲ, ಅದರಿಂದ ಬಂದಿದ್ದು. ಎರಡನೇ ತಲೆಮಾರಿಗೆ ಅದು ಹಾಗೇ ಅನ್ವಯ ಆಗಲ್ಲ. ಅಮೆರಿಕದ ಕೊರಿಯೋಗ್ರಾಫರ್ ಆಲ್ವಿನ್ ಏಲಿ 1958ರಲ್ಲಿ ತಂಡ ಕಟ್ಟಿದ್ರು, 1965ರಲ್ಲೇ ತಾವು ಕುಣಿಯೋದು ನಿಲ್ಲಿಸಿದ್ರು. 1989ರಲ್ಲಿ ಅವರು ತೀರಿಕೊಂಡಾಗ ತಂಡ ವಹಿಸಿಕೊಂಡಿದ್ದು ಜೂಡಿತ್ ಜೇಮಿಸನ್, ಜನಕ್ಕೆ ಅವರು ಗೊತ್ತಿದ್ದಿದ್ದು ಮುಖ್ಯವಾಗಿ ಅದೇ ತಂಡದ ಡಾನ್ಸರ್ ಆಗಿ. ಆಕೆ 2011ರವರೆಗೆ ನಡೆಸಿದ್ರು. ಕೃತಿ ರಚಿಸೋ ಶಕ್ತಿ ಇದ್ರೆ ಒಳ್ಳೇದೇ, ಆದ್ರೆ ನಿಮ್ಮ ವಾರದ ಬಹುಪಾಲು ಹೋಗೋದು ಬೇರೆ ಕಡೆ. ಮುಂದಿನ ಎರಡು ವರ್ಷದಲ್ಲಿ ಏನು ಮಾಡ್ಬೇಕು ಏನು ಬಿಡ್ಬೇಕು, ಯಾವ ಪಾತ್ರಕ್ಕೆ ಯಾರು, ಹೊರಗಿನ ಕೊರಿಯೋಗ್ರಾಫರ್‌ನ ಕರೆಸೋದಾದ್ರೆ ಯಾರನ್ನ, ಎಷ್ಟು ವಾರಕ್ಕೆ, ಅನುದಾನದ ಅರ್ಜಿಯಲ್ಲಿ ಇನ್ನೂ ಹುಟ್ಟದ ಪ್ರೊಡಕ್ಷನ್ ಬಗ್ಗೆ ಸುಳ್ಳಾಗದ ಹಾಗೆ ಎರಡು ಪುಟ ಬರೆಯೋದು ಹೇಗೆ, ಲೈಟಿಂಗ್‌ನವರು ಕೇಳಿದ ದುಡ್ಡು ಕೊಟ್ರೆ ತಾಲೀಮಿನ ಒಂದು ವಾರ ಕಡಿಮೆ ಆಗತ್ತಲ್ಲ ಏನು ಮಾಡೋದು, ಇಂಥವು. ರನ್‌ಥ್ರೂ (ಶುರುವಿಂದ ಕೊನೇವರೆಗೆ ನಿಲ್ಲಿಸದೆ ಮಾಡೋ ತಾಲೀಮು) ನೋಡಿ 40 ನಿಮಿಷದ ಪ್ರೊಡಕ್ಷನ್‌ನಲ್ಲಿ ಯಾವ 6 ನಿಮಿಷ ತೆಗೀಬೇಕು ಅಂತ ಕಣ್ಣಿಗೆ ಕಾಣ್ಬೇಕು, ಆ 6 ನಿಮಿಷ ಕಟ್ಟೋಕೆ ಮೂರು ವಾರ ಒದ್ದಾಡಿದವರಿಗೆ ಅದನ್ನ ಹೇಳೋಕೆ ಬಾಯಿ ಬರ್ಬೇಕು. 9 ವರ್ಷ ಆ ತಂಡದಲ್ಲಿದ್ದವರಿಗೆ ಮೊದಲನೇದು ಬಹುತೇಕ ಬಂದಿರತ್ತೆ. ಎರಡನೇದು ಯಾರಿಗೂ ಮೊದಲೇ ಬಂದಿರಲ್ಲ.

ಈಗ ಇಬ್ಬರು ನಡೆಸಿದ್ರೆ ಒಡೆಯತ್ತೆ ಅನ್ನೋ ಮಾತಿಗೆ ಬರೋಣ. ಅರ್ಧ ನಿಜ. ಪೀಪಿಂಗ್ ಟಾಮ್ ಅನ್ನೋ ಬ್ರಸೆಲ್ಸ್‌ನ ತಂಡವನ್ನ ಗೇಬ್ರಿಯೆಲಾ ಕರ‍್ರಿಝೊ ಮತ್ತೆ ಫ್ರಾಂಕ್ ಶಾರ್ಟಿಯೇ 2000ದಲ್ಲಿ ಕಟ್ಟಿದ್ದು, ನಿಮ್ಮ ತಂಡದ ಹಾಗೇ ಡಾನ್ಸ್ ಎಲ್ಲಿ ಮುಗಿದು ನಾಟಕ ಎಲ್ಲಿ ಶುರುವಾಯ್ತು ಹೇಳೋಕಾಗದ ಕೆಲಸ. ಇಬ್ಬರೂ ಸೇರಿ ಕಟ್ಟಿದ ಕೃತಿಗಳಿವೆ, ಒಬ್ಬೊಬ್ಬರೇ ಮಾಡಿದ್ದೂ ಇವೆ. ಇನ್ನೊಂದು ಕಡೆ ಬರ್ಲಿನ್‌ನ ಸರ್ಕಾರಿ ಬ್ಯಾಲೆ ತಂಡ ಸ್ಟಾಟ್ಸ್‌ಬ್ಯಾಲೆ ನೋಡಿ, ಯೊಹಾನೆಸ್ ಓಮನ್ ಮತ್ತೆ ಸಾಶಾ ವಾಲ್ಟ್ಸ್ ಜೋಡಿಯಾಗಿ ನಡೆಸ್ಬೇಕು ಅಂತ ಆಯ್ತು, ಓಮನ್ 2018ರಲ್ಲಿ ಬಂದ್ರು ವಾಲ್ಟ್ಸ್ 2019ರಲ್ಲಿ ಸೇರಿಕೊಂಡ್ರು, 2020ರ ಶುರುವಿನಲ್ಲೇ ಓಮನ್ ಬೇರೆ ಸಂಸ್ಥೆಗೆ ಹೋಗ್ತೀನಿ ಅಂದ್ರು, ಜೋಡಿಯಾಗಿ ಬಂದಿದ್ದರಿಂದ ವಾಲ್ಟ್ಸ್ ಕೂಡ ಬಿಟ್ರು. ಇಲ್ಲಿ ಜಗಳ ಆಯ್ತಾ ಇಲ್ವಾ ಅನ್ನೋದು ನನಗೆ ಮುಖ್ಯ ಅಲ್ಲ. ಒಬ್ಬರು ಎದ್ದು ಹೋದ್ರೆ ಇನ್ನೊಬ್ಬರ ಸ್ಥಿತಿ ಏನು ಅನ್ನೋ ಪ್ರಶ್ನೆಯನ್ನ ಜೋಡಿ ಡೈರೆಕ್ಟರ್ ಆಗೋರು ಮೊದಲ ದಿನಾನೇ ಕೇಳ್ಕೋಬೇಕು, ಯಾರೂ ಕೇಳಲ್ಲ, ಮದುವೆ ಮಂಟಪದಲ್ಲಿ ಡೈವೋರ್ಸ್ ಮಾತು ಯಾಕೆ ಅಂತ.

ನಮ್ಮ ಜೋಡಿ ಎಲ್ಲಿ ಎಡವಿತು ಅಂತ ಹೇಳ್ತೀನಿ. ಒಂದು ದೃಶ್ಯ ಇತ್ತು, ಒಬ್ಬಳು ಕುರ್ಚಿ ಮೇಲೆ ನಿಂತು ಎರಡು ವಾಕ್ಯ ಮಾತಾಡಿ ಹಾಗೇ ಹಿಂದಕ್ಕೆ ವಾಲಿ ಬೀಳ್ಬೇಕು, ಕೆಳಗೆ ಇಬ್ಬರು ಹಿಡೀಬೇಕು. ನಾನು ಡಾನ್ಸ್‌ನವಳು, "ಆರನೇ ಕೌಂಟ್‌ಗೆ ತೂಕ ಬಿಡು" ಅಂತ ಬೆಳಿಗ್ಗೆ ಹೇಳಿಕೊಟ್ಟು ಮೀಟಿಂಗ್‌ಗೆ ಹೋದೆ. ಮಧ್ಯಾಹ್ನ ನನ್ನ ಜೊತೆಗಾರರು ಬಂದು "ಕೌಂಟ್ ಬೇಡ, ಕೊನೇ ಪದದ ಮೇಲೆ ಉಸಿರು ಖಾಲಿ ಆಗತ್ತಲ್ಲ ಆಗ ಬೀಳು" ಅಂದ್ರು. ನಟನೆ ದೃಷ್ಟಿಯಿಂದ ಅವರು ಹೇಳಿದ್ದೇ ಸರಿ, ಒಪ್ಕೋತೀನಿ. ಆದ್ರೆ ಹಿಡಿಯೋ ಇಬ್ಬರಲ್ಲಿ ಒಬ್ಬ ಆಗ ಅಲ್ಲಿರಲಿಲ್ಲ. ಮಾರನೇ ದಿನ ಅವಳು ಉಸಿರಿಗೆ ಬಿದ್ಲು, ಒಬ್ಬ ಹಿಡಿದ, ಇನ್ನೊಬ್ಬ ಆರನೇ ಕೌಂಟ್‌ಗೆ ಕಾಯ್ತಾ ನಿಂತಿದ್ದ. ಭುಜ ನೆಲಕ್ಕೆ ಬಡೀತು. ದೊಡ್ಡದೇನೂ ಆಗಲಿಲ್ಲ, ಮೂರು ವಾರ ಅವಳು ಲಿಫ್ಟ್ (ಒಬ್ಬರನ್ನ ಇನ್ನೊಬ್ಬರು ಮೇಲೆತ್ತೋದು) ಮಾಡಲಿಲ್ಲ ಅಷ್ಟೆ. ಆದ್ರೆ ಆವತ್ತು ನೆಲದ ಮೇಲೆ ಕೂತ್ಕೊಂಡೇ ಅವಳು ನಮ್ಮಿಬ್ಬರನ್ನ ನೋಡಿ "ನಿಮ್ಮಿಬ್ಬರಲ್ಲಿ ಯಾರ ಮಾತು ಕೇಳ್ಲಿ ನಾನು?" ಅಂದ್ಲು, ನಮ್ಮ ಹತ್ರ ಉತ್ತರ ಇರಲಿಲ್ಲ.

ಅವತ್ತಿನವರೆಗೂ ನಮ್ಮ ಒಪ್ಪಂದ ಏನಿತ್ತು ಅಂದ್ರೆ, ಚಲನೆ ನಂದು, ಮಾತು ಮತ್ತೆ ದೃಶ್ಯ ಅವರದು. ನಿಮಗೂ ಇದೇ ಮೊದಲು ಹೊಳೆಯತ್ತೆ, ಅವರು ನಾಟಕದವರು ನಾನು ಡಾನ್ಸ್‌ನವಳು ಅಂತ ನೀವೇ ಬರೆದಿದೀರಲ್ಲ. ದಯವಿಟ್ಟು ಹಾಗೆ ಹಂಚ್ಕೋಬೇಡಿ. ಫಿಸಿಕಲ್ ಥಿಯೇಟರ್‌ನಲ್ಲಿ ಆ ಗೆರೆ ಎಳೆಯೋಕೇ ಆಗಲ್ಲ, ಒಂದು ಬೀಳೋದು ಚಲನೆನಾ ದೃಶ್ಯನಾ? ಆಮೇಲೆ ನಾವು ಪ್ರೊಡಕ್ಷನ್ ಲೆಕ್ಕದಲ್ಲಿ ಹಂಚ್ಕೊಂಡ್ವಿ. ಇದು ನಿಂದು, ಮುಂದಿನದು ನಂದು. ಪ್ರೊಡಕ್ಷನ್ ಯಾರದ್ದೋ ಅವರು ತಾಲೀಮಿನ ಕೋಣೆಯೊಳಗೆ ಕೊನೇ ಮಾತು ಹೇಳ್ತಾರೆ, ಇನ್ನೊಬ್ಬರು ಹೊರಗಿನ ಕಣ್ಣು, ವಾರಕ್ಕೆ ಎರಡು ಸಲ ಬಂದು ಹಿಂದೆ ಕೂತು ನೋಡ್ತಾರೆ, ಕಲಾವಿದರಿಗೆ ನೇರವಾಗಿ ಒಂದು ನೋಟ್ (ತಿದ್ದೋ ಸೂಚನೆ) ಕೂಡ ಕೊಡಲ್ಲ, ಎಲ್ಲಾ ಸಂಜೆ ಡೈರೆಕ್ಟರ್‌ಗೇ ಹೇಳೋದು. ಆ ನಿಯಮ ಪಾಲಿಸೋದು ಎಷ್ಟು ಕಷ್ಟ ಅಂತ ಮೊದಲ ವಾರ ಗೊತ್ತಾಗತ್ತೆ, ಬಾಯಿ ತುರಿಸತ್ತೆ.

ಕೋಣೆಯಿಂದ ಹೊರಗಿನ ವಿಷಯಕ್ಕೆ ಬೇರೆ ಲೆಕ್ಕ. ಹೊಸಬರನ್ನ ತಗೊಳ್ಳೋದು, ಯಾರನ್ನಾದ್ರೂ ಕಳಿಸೋದು, ದೊಡ್ಡ ಖರ್ಚು, ಇವಕ್ಕೆ ಇಬ್ಬರದೂ ಹೂಂ ಬೇಕು, ಆಗದೇ ಹೋದ್ರೆ ಎಷ್ಟು ದಿನದೊಳಗೆ ಯಾರ ಹತ್ರ ಹೋಗ್ಬೇಕು ಅಂತ ಹೆಸರು ಸಮೇತ ಬರೆದಿರ್ಬೇಕು, ಟ್ರಸ್ಟ್ ಅಥವಾ ಬೋರ್ಡ್ ಇದ್ರೆ ಅದರ ಅಧ್ಯಕ್ಷರು. ಸುರಕ್ಷತೆಗೆ ಮಾತ್ರ ಒಬ್ಬರ "ಬೇಡ" ಸಾಕು. ಈ ಲಿಫ್ಟ್ ಬೇಡ, ಈ ನೆಲದ ಮೇಲೆ ಇವತ್ತು ಬೇಡ ಅಂತ ಇಬ್ಬರಲ್ಲಿ ಯಾರಾದ್ರೂ ಅಂದ್ರೆ ಮುಗೀತು, ಚರ್ಚೆ ಆಮೇಲೆ.

ಸುರಕ್ಷತೆ ಅಂದಾಗ ಒಂದು ಮಾತು ಸೇರಿಸ್ತೀನಿ, ನೀವು ಕೇಳಿಲ್ಲ ಆದ್ರೂ. ಡಾನ್ಸರ್‌ಗಳ ಗಾಯ ಅಂದ್ರೆ ಜನ ಬೀಳೋದನ್ನ ಊಹಿಸ್ಕೋತಾರೆ, ಆದ್ರೆ ಅವರ ಗಾಯಗಳಲ್ಲಿ ಹೆಚ್ಚಿನವು ಅತಿಬಳಕೆಯಿಂದ ಬರೋವು, ಕಾಲು ಪಾದದಲ್ಲೇ ಜಾಸ್ತಿ. ನಾಲ್ಕು ವಾರ ರಜೆ ಕೊಟ್ಟು ವಾಪಸ್ ಬಂದ ಮೊದಲ ದಿನಾನೇ 7 ಗಂಟೆ ತಾಲೀಮು ಇಟ್ರೆ, ಕಾಂಕ್ರೀಟ್ ಮೇಲೆ ಬರೀ ವಿನೈಲ್ ಶೀಟ್ ಹಾಸಿ ಜಂಪ್ ಮಾಡಿಸಿದ್ರೆ, ದೊಡ್ಡ ಲಿಫ್ಟ್‌ನ ಸಂಜೆ ಎಲ್ರೂ ಸುಸ್ತಾದಾಗ "ಇನ್ನೊಂದೇ ಒಂದ್ಸಲ" ಅಂತ ಮಾಡಿಸಿದ್ರೆ, ಆ ಗಾಯಕ್ಕೆ ವೇಳಾಪಟ್ಟಿ ಬರೆದವರೇ ಹೊಣೆ. ಆ ಪಟ್ಟಿ ಇನ್ಮೇಲೆ ಬರೆಯೋದು ನೀವು. ನನ್ನ ತಂಡದಲ್ಲಿ ಹೊಸ ಲಿಫ್ಟ್ ಕಲಿಸೋದು ವಾರ್ಮಪ್ ಆದ್ಮೇಲೆ ಬೆಳಿಗ್ಗೆ ಮಾತ್ರ, ದಿನದ ಕೊನೇ ಒಂದು ಗಂಟೆ ಕಾಲು ನೆಲ ಬಿಡೋ ಕೆಲಸ ಯಾವುದೂ ಇಲ್ಲ. ಇದಕ್ಕೆ ಬೈಸ್ಕೊಂಡಿದೀನಿ, ಶೋ ಹತ್ರ ಬಂದಾಗಂತೂ.

ಇನ್ನು ಸರ್ ವಿಷಯ, ಇದು ಸೂಕ್ಷ್ಮ. ಅವರ ಮೇಲೆ ನಿಮಗೆ ಗೌರವ ಇದೆ ಅಂತ ಪತ್ರದಲ್ಲೇ ಕಾಣತ್ತೆ, ಅವರ ಉದ್ದೇಶಾನೂ ಒಳ್ಳೇದೇ ಇರ್ಬಹುದು. ಆದ್ರೂ "ಸಲಹೆಗಾರನಾಗಿ ಇದ್ದೇ ಇರ್ತೀನಿ" ಅನ್ನೋ ವಾಕ್ಯದಲ್ಲಿ ಆ "ಇದ್ದೇ" ಇದೆಯಲ್ಲ, ಅದು ನಂಗೆ ಭಯ ಹುಟ್ಸತ್ತೆ. ನಾನು ವಹಿಸ್ಕೊಂಡ ಮೊದಲ ಸೀಸನ್‌ನಲ್ಲಿ ನಮ್ಮ ಹಿರಿಯ ಡೈರೆಕ್ಟರ್ ದಿನಾ ಬಂದು ಕೊನೇ ಸಾಲಲ್ಲಿ ಸುಮ್ನೆ ಕೂರ್ತಿದ್ರು. ಒಂದು ಮಾತೂ ಆಡ್ತಿರಲಿಲ್ಲ, ದೇವರಾಣೆ. ಆದ್ರೆ ನಾನು ನೋಟ್ ಕೊಡ್ತಾ ಇರ್ಬೇಕಾದ್ರೆ ಕಲಾವಿದರ ಕಣ್ಣು ನನ್ನ ಭುಜದ ಮೇಲಿಂದ ಹಾದು ಹಿಂದಕ್ಕೆ ಹೋಗೋದು, ಅವರ ಹುಬ್ಬು ಮೇಲೆ ಹೋಯ್ತಾ ಅಂತ ನೋಡೋಕೆ. ಎಷ್ಟೋ ದಿನ ನಾನೂ ತಿರುಗಿ ನೋಡಿದೀನಿ.

ತಂಡ ಕಟ್ಟಿದವರು ಹೋದ್ಮೇಲೆ ದೊಡ್ಡ ದೊಡ್ಡ ಸಂಸ್ಥೆಗಳೇ ತಡವರಿಸಿವೆ, ನಿಮ್ಮ ತಂಡ 11 ಜನದ್ದು ಅಂತ ಕೀಳರಿಮೆ ಬೇಡ. ಜರ್ಮನಿಯ ವುಪ್ಪರ್ಟಾಲ್‌ನಲ್ಲಿ ಕೊರಿಯೋಗ್ರಾಫರ್ ಪೀನಾ ಬಾಷ್ ತಮ್ಮ ಡಾನ್ಸ್ ಥಿಯೇಟರ್ ತಂಡವನ್ನ 1973ರಿಂದ 2009ರಲ್ಲಿ ತೀರಿಕೊಳ್ಳೋವರೆಗೂ ನಡೆಸಿದ್ರು. ಆಮೇಲೆ ತಂಡದೊಳಗಿನ ಇಬ್ಬರು, ದೊಮಿನಿಕ್ ಮೆರ್ಸಿ ಮತ್ತೆ ರಾಬರ್ಟ್ ಸ್ಟುರ್ಮ್, ಜೋಡಿಯಾಗಿ ಹೊತ್ಕೊಂಡ್ರು, 2013ರಲ್ಲಿ ಹಳೇ ಡಾನ್ಸರ್ ಲುಟ್ಸ್ ಫ್ಯೋರ್ಸ್ಟರ್ ಬಂದ್ರು, 2017ರಲ್ಲಿ ಮೊದಲ ಸಲ ಹೊರಗಿನವರನ್ನ ತಂದ್ರು, 2018ರಲ್ಲಿ ಅವರನ್ನ ಕೆಲಸದಿಂದ ತೆಗೆದು ವಿಷಯ ಕೋರ್ಟಿಗೆ ಹೋಯ್ತು. ಅಮೆರಿಕದ ಕೊರಿಯೋಗ್ರಾಫರ್ ಮರ್ಸ್ ಕನಿಂಗ್‌ಹ್ಯಾಮ್ ಇನ್ನೊಂದು ದಾರಿ ಹಿಡಿದ್ರು, ತಾವು ಹೋದ್ಮೇಲೆ ಎರಡು ವರ್ಷ ಪ್ರವಾಸ ಮಾಡಿ ತಂಡ ಮುಚ್ಚಿಬಿಡಿ ಅಂತ ಬದುಕಿದ್ದಾಗಲೇ ಯೋಜನೆ ಮಾಡಿಟ್ರು, 2009ರಲ್ಲಿ ತೀರಿಕೊಂಡ್ರು, 2011ರ ಡಿಸೆಂಬರ್ 31ಕ್ಕೆ ಕೊನೇ ಶೋ ಆಯ್ತು, ಕೃತಿಗಳು ಟ್ರಸ್ಟ್ ಕೈಲಿವೆ, ಬೇರೆ ತಂಡಗಳು ಲೈಸೆನ್ಸ್ ತಗೊಂಡು ಮಾಡ್ತವೆ. ನಂಗೆ ಈ ಎರಡನೇದು ಕ್ರೂರ ಅನ್ಸತ್ತೆ, ಆದ್ರೆ ಸ್ಪಷ್ಟತೆ ಅಂದ್ರೆ ಅದು.

ನಿಮ್ಮ ಸರ್ ಜೊತೆ ಕೂತು ಕೇಳಿ: ಹಿಂದೆ ಸರಿಯೋದು ಯಾವ ತಾರೀಖು, ಅದಾದ್ಮೇಲೆ ಮೊದಲ ಹೊಸ ಪ್ರೊಡಕ್ಷನ್‌ನ ತಾಲೀಮಿಗೆ ಬರ್ತೀರಾ ಇಲ್ವಾ (ಬರದೇ ಇದ್ರೆ ಒಳ್ಳೇದು ಅಂತ ನೀವೇ ಹೇಳ್ಬೇಕಾಗತ್ತೆ, ಧೈರ್ಯ ಮಾಡಿ), ಮೊದಲ ಶೋ ಆದ್ಮೇಲೆ ನಮ್ಮಿಬ್ಬರಿಗೆ ಮಾತ್ರ ಅಭಿಪ್ರಾಯ ಹೇಳ್ತೀರಾ, ಬೇಜಾರಾದ ಕಲಾವಿದರು ನಿಮ್ಮ ಮನೆಗೆ ಫೋನ್ ಮಾಡಿದ್ರೆ ಏನಂತೀರಾ. ಕೊನೇದೇ ಮುಖ್ಯ. ಫೋನ್ ಬರತ್ತೆ, ಖಂಡಿತ ಬರತ್ತೆ. "ಅವರ ಹತ್ರಾನೇ ಮಾತಾಡು" ಅಂದುಬಿಟ್ರೆ ನಿಮ್ಮ ಕುರ್ಚಿ ಗಟ್ಟಿ, "ಅಯ್ಯೋ ಹೌದಾ, ನಾನು ನೋಡ್ತೀನಿ" ಅಂದ್ರೆ ನೀವು ಹೆಸರಿಗೆ ಮಾತ್ರ ಡೈರೆಕ್ಟರ್. ಹಳೇ ಕೃತಿಗಳನ್ನ ಮತ್ತೆ ಎತ್ತುವಾಗ ಮಾತ್ರ ಅವರೇ ಬಂದು ಕೂತು ತಿದ್ಲಿ, ಅಲ್ಲಿ ಕೊನೇ ಮಾತು ಅವರದೇ ಇರ್ಲಿ, ಆ ಕೆಲಸಕ್ಕೆ ಅವರಿಗಿಂತ ಒಳ್ಳೆಯವರು ಸಿಗಲ್ಲ.

ಹಾಗಂತ ಆ ಕೃತಿಗಳು ಯಾರದು? "ಸರ್ ಮಾಡಿದ್ದು, ಸರ್‌ದೇ" ಅಂತ ಎಲ್ರೂ ಅಂದ್ಕೊಂಡಿರ್ತಾರೆ, "ನಾವೆಲ್ಲ ಸೇರಿ ಇಂಪ್ರೊವೈಸ್ ಮಾಡಿ ಕಟ್ಟಿದ್ದು, ಎಲ್ರದೂ" ಅಂತ ಕಲಾವಿದರು ಅಂದ್ಕೊಂಡಿರ್ತಾರೆ, ಎರಡೂ ಕಡೆ ಕಾಗದ ಇರಲ್ಲ. ಅಮೆರಿಕದ ಕೊರಿಯೋಗ್ರಾಫರ್ ಮಾರ್ತಾ ಗ್ರಹಾಂ 1991ರಲ್ಲಿ ತೀರಿಕೊಂಡ್ರು, ವಿಲ್‌ನಲ್ಲಿ ಹೆಸರಿದ್ದ ವಾರಸುದಾರರಿಗೂ ಅವರ ಸಂಸ್ಥೆಗೂ ಕೇಸ್ ನಡೀತು, 2002ರಲ್ಲಿ ಕೋರ್ಟು 70 ಕೃತಿಗಳಲ್ಲಿ 45 ಸಂಸ್ಥೆಗೇ ಸೇರಿದ್ದು ಅಂತು, ವಾರಸುದಾರರಿಗೆ ಸಿಕ್ಕಿದ್ದು ಒಂದೇ ಒಂದು. ಒಂದು ಮುಖ್ಯ ಕಾರಣ ಏನಂದ್ರೆ, ಆಕೆ ಎಷ್ಟೋ ವರ್ಷ ತಾನೇ ಕಟ್ಟಿದ ಸಂಸ್ಥೆಯ ಸಂಬಳದ ನೌಕರಳಾಗಿದ್ರು, ನೌಕರಿಯ ಭಾಗವಾಗಿ ಮಾಡಿದ ಕೃತಿ ಸಂಸ್ಥೆಯದ್ದಾಯ್ತು. ಅದು ಅಮೆರಿಕದ ಕಾನೂನು, ದೇಶದಿಂದ ದೇಶಕ್ಕೆ ಬದಲಾಗತ್ತೆ, ಅದಕ್ಕೇ ಒಬ್ಬ ವಕೀಲರ ಹತ್ರ ಒಂದು ಗಂಟೆ ಕೂತು ಪ್ರತಿ ಕೃತಿಗೂ ಒಂದೊಂದು ಪುಟ ಮಾಡ್ಸಿ, ಕೊರಿಯೋಗ್ರಫಿ ಯಾರದು, ಸಂಗೀತ ಯಾರದು, ವಿಡಿಯೋ ಯಾರ ಹತ್ರ ಇದೆ, ತಂಡ ಎಷ್ಟು ವರ್ಷ ಆಡ್ಬಹುದು. ಸರ್ ಖುಷಿಯಾಗಿರೋವಾಗಲೇ ಸಹಿ ಹಾಕಿಸ್ಕೊಳ್ಳಿ. ಇದನ್ನ ಹಾಸ್ಯಕ್ಕೆ ಹೇಳ್ತಿಲ್ಲ.

ಗೆಳೆಯರ ಮೇಲೆ ಆರ್ಡರ್ ಮಾಡೋದು ಹೇಗೆ ಅಂದ್ರಿ. ಆರ್ಡರ್ ಮಾಡೋದು ಅಷ್ಟೇನು ಕಷ್ಟ ಆಗಲ್ಲ, ಪಾತ್ರ ಹಂಚೋ ದಿನ ಕಷ್ಟ ಆಗತ್ತೆ. ನನ್ನ ಜೊತೆ ಎಷ್ಟೋ ವರ್ಷ ಒಂದೇ ರೂಮಲ್ಲಿ ಉಳ್ಕೊಂಡು ಪ್ರವಾಸ ಮಾಡಿದ ಗೆಳತಿಯ ಸೋಲೋ ತೆಗೆದು ಹೊಸ ಹುಡುಗಿಗೆ ಕೊಡ್ಬೇಕಾಗಿ ಬಂತು. ನಾನು ಹೇಡಿ ಥರ ಪಟ್ಟಿ ಬರೆದು ಗೋಡೆಗೆ ಅಂಟಿಸಿ ಹೋಗ್ಬಿಟ್ಟೆ. ಅವಳು ಎಲ್ರ ಎದುರಿಗೆ ಅದನ್ನ ಓದಿದ್ಲು. ಸೋಲೋ ಹೋಗಿದ್ದಕ್ಕೆ ಅವಳು ಆರು ತಿಂಗಳಲ್ಲಿ ಕ್ಷಮಿಸಿದ್ಲು, ಗೋಡೆಗೆ ಅಂಟಿಸಿದ್ದಕ್ಕೆ ಇವತ್ತಿಗೂ ಇಲ್ಲ. ಪಟ್ಟಿ ಹೊರಗೆ ಬರೋ ಮುಂಚೆ ಪಾತ್ರ ಕಳ್ಕೊಳ್ಳೋರ ಹತ್ರ ಕೂತು ನೀವೇ ಹೇಳಿ, ಕಾರಣ ಎರಡು ವಾಕ್ಯದಲ್ಲಿ ಹೇಳಿ, ಸಮಾಧಾನ ಮಾಡೋಕೆ ಹೋಗಿ ಸುಳ್ಳು ಭರವಸೆ ಕೊಡ್ಬೇಡಿ. ಜೋಡಿ ಡೈರೆಕ್ಟರ್‌ಗಳಿಗೆ ಇನ್ನೊಂದು ಎಚ್ಚರಿಕೆ, "ನಂಗೆ ನೀನೇ ಬೇಕಿತ್ತು, ಅವರು ಒಪ್ಪಲಿಲ್ಲ" ಅಂತ ಒಂದೇ ಒಂದ್ಸಲ ಬಾಯಿ ಜಾರಿದ್ರೂ ತಂಡ ಎರಡು ಪಾರ್ಟಿ ಆಗೋಕೆ ಅಷ್ಟು ಸಾಕು.

ಕುಣಿಯೋದು ಬಿಡ್ಬೇಕು ಅಂತೇನಿಲ್ಲ, ಎಷ್ಟೋ ಡೈರೆಕ್ಟರ್‌ಗಳು ಎರಡೂ ಕೆಲಸ ಮಾಡಿದಾರೆ. ಆದ್ರೆ ಒಳಗೆ ನಿಂತವರಿಗೆ ಪೂರ್ತಿ ಚಿತ್ರ ಕಾಣಲ್ಲ, ವಿಡಿಯೋ ನೋಡಿ ತಿದ್ದೋಕೆ ಹೋದ್ರೆ ಕಣ್ಣು ಮೊದಲು ನಿಮ್ಮ ಮೇಲೇ ಹೋಗತ್ತೆ. ನನ್ನ ಸಲಹೆ, ಮೊದಲ ಸೀಸನ್ ಹೊಸ ಪ್ರೊಡಕ್ಷನ್‌ನಲ್ಲಿ ನೀವು ಇರ್ಬೇಡಿ. ಹಳೇದರಲ್ಲಿ ಇರಿ, ಆದ್ರೆ ನಿಮ್ಮ ಭಾಗ ಇನ್ನೊಬ್ಬರು ಕಲಿತಿರ್ಲಿ, ಅರ್ಧ ತಾಲೀಮು ಅವರು ನಿಂತು ಮಾಡ್ಲಿ ನೀವು ಹೊರಗಿಂದ ನೋಡಿ.

ಇಷ್ಟೆಲ್ಲ ಆದ್ಮೇಲೆ ನಿಮ್ಮ ಮುಂದೆ ದಾರಿ ಏನೇನಿದೆ? ಇಬ್ಬರೂ ಒಪ್ಪಿಕೊಳ್ಳೋದು ಒಂದು, ಆದ್ರೆ ಮೂರು ವರ್ಷಕ್ಕೆ ಅಂತ ಅವಧಿ ಹಾಕಿ, ಒಬ್ಬರು ಬಿಟ್ರೆ ಇನ್ನೊಬ್ಬರು ಅವಧಿ ಮುಗಿಯೋವರೆಗೆ ಒಬ್ಬರೇ ನಡೆಸಬಹುದು ಅಂತ ಬರೆದು. ಅಪಾಯ ಅಂದ್ರೆ ಒಂದು ಸಂಬಳವನ್ನ ಎರಡು ಮಾಡಿ ಕೊಡೋದು, ಆಗ ಇಬ್ಬರೂ ಹೊರಗಡೆ ಪಾಠ ಹೇಳ್ಕೊಂಡು ಬದುಕಬೇಕು, ತಂಡಕ್ಕೆ ಯಾರೂ ಪೂರ್ತಿ ಸಿಗಲ್ಲ. ಈ ಪ್ರಶ್ನೆ ಸಂಕೋಚ ಬಿಟ್ಟು ಕೇಳಿ. ಎರಡನೇದು, ಒಂದು ಸೀಸನ್ ನೀವಿಬ್ಬರೂ ಅಸೋಸಿಯೇಟ್ ಡೈರೆಕ್ಟರ್ ಆಗಿ ಒಂದೊಂದು ಪ್ರೊಡಕ್ಷನ್ ಪೂರ್ತಿ ಹೊತ್ತು ನೋಡೋದು, ಹೆಸರು ಬದಲಾಯಿಸೋದು ಆಮೇಲೆ. ನನ್ನ ಕೇಳಿದ್ರೆ ನಿಮಗೆ ಇದೇ ಸರಿ, ಸ್ವಂತ ಪ್ರೊಡಕ್ಷನ್ ಮಾಡಿಲ್ಲ ಅನ್ನೋ ಅಳುಕೂ ಹೋಗತ್ತೆ. ಇಲ್ಲಿರೋ ಅಪಾಯ ಒಂದೇ, ಸರ್ ಆ ಒಂದು ಸೀಸನ್‌ನ ಮೂರು ಮಾಡ್ಬಹುದು, ಅದಕ್ಕೆ ತಾರೀಖು ಮೊದಲೇ ಹಾಕ್ಸಿ. ಮೂರನೇದು ಒಬ್ಬರೇ ಡೈರೆಕ್ಟರ್, ಇನ್ನೊಬ್ಬರು ರಿಹರ್ಸಲ್ ಡೈರೆಕ್ಟರ್. ಕಾಗದದ ಮೇಲೆ ಇದೇ ಸುಲಭ, ಆದ್ರೆ ಸಮಾನರಾಗಿ ಕರೆಸ್ಕೊಂಡು ಆಮೇಲೆ ಒಬ್ಬರು ಕೆಳಗಿಳಿಯೋದು ಅಂದ್ರೆ ಬಹಳ ಸಲ ಆ ಒಬ್ಬರು ಒಂದೆರಡು ವರ್ಷದಲ್ಲಿ ಹೊರಟೇ ಹೋಗ್ತಾರೆ. ಬೇಡ ಅನ್ನೋದೂ ಒಂದು ದಾರಿನೇ, ನಾಚಿಕೆ ಪಡೋ ಅಂಥದ್ದಲ್ಲ. ಒಂದು ಪರೀಕ್ಷೆ ಇದೆ: ನಾಳೆಯಿಂದ ನೀವು ಎಂದೂ ವೇದಿಕೆ ಹತ್ತಲ್ಲ ಅಂದ್ಕೊಂಡ್ರೂ ಆ ತಾಲೀಮಿನ ಕೋಣೆಗೆ ಬೆಳಿಗ್ಗೆ ಹೋಗೋಕೆ ಮನಸ್ಸಾಗತ್ತಾ? ಇಲ್ಲ ಅನ್ಸಿದ್ರೆ ಇನ್ನೂ ಕೆಲವು ವರ್ಷ ಕುಣೀರಿ.

ಹಾಗೆ ಹೇಳ್ತಾ ಹೇಳ್ತಾ ಮಂಡಿ ನೆನಪಾಯ್ತು. ಆರು ತಿಂಗಳು ಅಂದ್ರೆ ತಾನಾಗೇ ಹೋಗತ್ತೆ ಅಂತ ಕಾಯೋ ಕಾಲ ಮುಗೀತು. ಡಾನ್ಸರ್‌ಗಳನ್ನ ನೋಡಿ ಅಭ್ಯಾಸ ಇರೋ ಫಿಸಿಯೋ ಅಥವಾ ಮೂಳೆ ಡಾಕ್ಟರ ಹತ್ರ ಈ ವಾರಾನೇ ಹೋಗಿ. ಮೆಟ್ಟಿಲು ಇಳಿಯುವಾಗ ನೋವಾ, ಊತ ಇದ್ಯಾ, ಮಧ್ಯದಲ್ಲಿ ಲಾಕ್ ಆಗತ್ತಾ ಅಂತ ಕೇಳ್ತಾರೆ, ಸರಿಯಾಗಿ ಗಮನಿಸ್ಕೊಂಡು ಹೋಗಿ. ಸರ್‌ಗೆ ಉತ್ತರ ಕೊಡೋ ಮುಂಚೆ ರಿಪೋರ್ಟ್ ನಿಮ್ಮ ಕೈಲಿರ್ಬೇಕು, ಅದನ್ನ ನಿಮ್ಮ ಜೊತೆಗಾರರಿಗೂ ಹೇಳಿರ್ಬೇಕು, ಯಾಕಂದ್ರೆ ಮುಂದಿನ ಸೀಸನ್‌ನಲ್ಲಿ ನೀವು ಕುಣೀತೀರೋ ಇಲ್ವೋ ಅನ್ನೋದರ ಮೇಲೆ ಯಾವ ಹಳೇ ಕೃತಿ ಆಡ್ಬಹುದು, ನಿಮ್ಮ ಜಾಗಕ್ಕೆ ಯಾರನ್ನ ಈಗಿಂದಲೇ ತಯಾರು ಮಾಡ್ಬೇಕು ಅನ್ನೋದು ನಿಂತಿದೆ, ಮತ್ತೆ ಆ ಪಟ್ಟಿಯನ್ನ ನೀವಿಬ್ಬರೇ ಕೂತು ಬರೀಬೇಕು.